ಕೀಲಿ ಒತ್ತಿದ್ದು ಯಾರಿಗೆ ಕೇಳಿಸಿತು?

ಶನಿವಾರ ಮಧ್ಯಾಹ್ನ. ಶಿಡ್ಲಘಟ್ಟದ ರೇಷ್ಮೆ ಗೂಡು ಮಾರುಕಟ್ಟೆಯಲ್ಲಿ ಹರಾಜು ಮುಗಿದು ಜಾಲರಿಗಳು ಖಾಲಿಯಾಗಿವೆ. ಅಲ್ಲಿಂದ ಎರಡು ಬೀದಿ ಆಚೆಗಿನ ಜೆರಾಕ್ಸ್ ಅಂಗಡಿಯಲ್ಲಿ ಅಂಗಡಿಯ ಯಜಮಾನರು ಕನ್ನಡಕವನ್ನು ಹಣೆಗೇರಿಸಿಕೊಂಡು ಫೋನನ್ನು ಒಂದೇ ಬೆರಳಲ್ಲಿ ಕುಟ್ಟುತ್ತಿದ್ದಾರೆ. ಎದುರಿನ ಸ್ಟೂಲಿನ ಮೇಲೆ ಅವರ ಅಕ್ಕನ ಮಗಳು. ಊರು ಚಿಕ್ಕಬಳ್ಳಾಪುರ, ಕೆಲಸ ಬೆಂಗಳೂರಿನಲ್ಲಿ, ಬೆಳಗಿನ ರೈಲಿಗೆ ಇಲ್ಲಿಗೆ ಬಂದಿದ್ದಾಳೆ. ಗೂಡು ಕೊಂಡು ನೂಲು ತೆಗೆಯುವ, ಮಾವನ ಪರಿಚಯದ ನಾಲ್ಕು ಜನ ರೀಲರ್‌ಗಳಿಗೆಂದು ಅವಳೊಂದು ಲೆಕ್ಕದ ಪುಟ ಮಾಡಿದ್ದಳು. ಲಾಟ್ ನಂಬರು, ರೈತನ ಊರು, ತೂಕ, ದರ, ಮೊತ್ತ. ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ, ಕನ್ನಡದಲ್ಲೇ ಬರೆಯಬಹುದು. ಬರೆಯಬಹುದು ಎಂದು ಅವಳ ನಂಬಿಕೆ.

"ಕಂಪ್ಯೂಟರಿನಲ್ಲಿ ಚೆನ್ನಾಗಿದೆ ಕಣಮ್ಮ. ಕೆ ಒತ್ತಿದರೆ ಕ ಬೀಳುತ್ತೆ. ಫೋನಲ್ಲಿ ಕೆ ಒತ್ತಿದರೆ ಇಂಗ್ಲಿಷ್ ಕೆ ಹಂಗೇ ಕೂತುಕೊಳ್ಳುತ್ತೆ. ನಿನ್ನ ಪುಟಕ್ಕೆ ಫೋನು ಕಂಡರೆ ಆಗಲ್ವಾ?"

"ಬರೆದದ್ದು ನಾನೇ ಮಾವ, ತಪ್ಪು ನಂದೇ. ಎರಡೂ ಕಡೆ ಕೀಲಿ ಒತ್ತಿದ ಸದ್ದು ಒಂದೇ ಥರ ಕೇಳುತ್ತೆ ಅಂದುಕೊಂಡೆ."

ಮಾವ ಈ ವಿಷಯದಲ್ಲಿ ಹೊಸಬರಲ್ಲ. 2003ರ ಸುಮಾರಿಗೆ ಚಿಂತಾಮಣಿಯಲ್ಲಿ ಸೈಬರ್ ಸೆಂಟರ್ ಇಟ್ಟಿದ್ದವರು. ಬಂದವರಿಗೆ ಇಮೇಲ್ ತೆರೆದುಕೊಡುತ್ತಿದ್ದರು, ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ ಹೇಳುತ್ತಿದ್ದರು. ಬಿಡುವಿನಲ್ಲಿ ಕಲ್ಯಾಣ ಮಂಟಪಕ್ಕೋ ಟ್ರಾವೆಲ್ಸ್‌ನವರಿಗೋ ಒಂದೊಂದು ಜಾಲತಾಣವನ್ನೂ ಕಟ್ಟಿಕೊಟ್ಟಿದ್ದರು. ಬ್ರೌಸರಿನೊಳಗೆ ಓಡುವ ಜಾವಾಸ್ಕ್ರಿಪ್ಟ್ ಭಾಷೆ ಕಲಿತದ್ದು ಹಾಗೆ, ಬಿದ್ದು ಎದ್ದು.

"ಸದ್ದು ಅಂದೆಯಲ್ಲ," ಎಂದರು ಮಾವ. "ನಾನು ಓದಿದ್ದು ಗೌರಿಬಿದನೂರಿನಲ್ಲಿ. ಅಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು 1965ರಿಂದ ಭೂಕಂಪನ ಮಾಪಕಗಳ ಸಾಲು ಇಟ್ಟಿದ್ದಾರೆ. ಎಲ್ಲೋ ದೇಶಾಂತರದಲ್ಲಿ ನೆಲ ನಡುಗಿದರೆ ಇಲ್ಲಿ ಗೆರೆ ಅಲುಗುತ್ತೆ. ಅವರೂ ಅದನ್ನು ಇವೆಂಟ್ ಅಂತಲೇ ಕರೆಯೋದು. ಬ್ರೌಸರಿನ ಇವೆಂಟ್ ಹ್ಯಾಂಡ್ಲರ್ ಅಂದಾಗೆಲ್ಲ ನನಗೆ ಆ ಮಾಪಕಗಳೇ ನೆನಪಾಗೋದು. ಸುಮ್ಮನೆ ಕಿವಿಗೊಟ್ಟು ಕೂತಿರಬೇಕು, ನಡುಗಿದಾಗ ಬರೆದುಕೊಳ್ಳಬೇಕು."

"ಚೆನ್ನಾಗಿದೆ. ಆದರೆ ಅಲ್ಲಿ ನೆಲ ಒಂದೇ. ನಮಗೆ ಬ್ರೌಸರಿಗೊಂದು ನೆಲ."

ಮಾವ ನಕ್ಕರು. ನಮ್ಮ ಕಾಲದಲ್ಲಿ ನೆಲ ಎರಡೇ ಇತ್ತು, ಆದರೆ ಒಂದು ಪೂರ್ವಕ್ಕೆ ಓಡಿದರೆ ಇನ್ನೊಂದು ಪಶ್ಚಿಮಕ್ಕೆ ಓಡುತ್ತಿತ್ತು ಎಂದರು. ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತು ದಿನದಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಬರೆದದ್ದು ನೆಟ್‌ಸ್ಕೇಪ್ ಕಂಪನಿಗಾಗಿ. ಎರಡು ವರ್ಷದಲ್ಲಿ ನೆಟ್‌ಸ್ಕೇಪಿನ ನಾಲ್ಕನೇ ಆವೃತ್ತಿಯೂ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರಿನ ನಾಲ್ಕನೇ ಆವೃತ್ತಿಯೂ ಎದುರುಬದುರು ನಿಂತವು. ಪುಟದೊಳಗೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಸಾಲು, ಸಾಲಿನೊಳಗೆ ಗುಂಡಿ ಇದೆ ಅನ್ನಿ. ಗುಂಡಿ ಒತ್ತಿದರೆ ಮೊದಲು ಯಾರಿಗೆ ತಿಳಿಯಬೇಕು? ಪುಟಕ್ಕೆ ಮೊದಲು ತಿಳಿದು ಆಮೇಲೆ ಒಳಕ್ಕೆ ಇಳಿಯಲಿ ಎಂದಿತು ನೆಟ್‌ಸ್ಕೇಪ್. ಗುಂಡಿಗೆ ಮೊದಲು ತಿಳಿದು ಆಮೇಲೆ ಮೇಲಕ್ಕೆ ಏರಲಿ ಎಂದಿತು ಮೈಕ್ರೋಸಾಫ್ಟ್.

"ಒಂದು ಡೀಸಿ ಆದೇಶ, ಇನ್ನೊಂದು ರೈತನ ಅರ್ಜಿ," ಎಂದಳು ಹುಡುಗಿ. "ಆದೇಶ ಚಿಕ್ಕಬಳ್ಳಾಪುರದಿಂದ ಹೊರಟು ಶಿಡ್ಲಘಟ್ಟ ತಾಲ್ಲೂಕು ಕಚೇರಿ, ಜಂಗಮಕೋಟೆ ನಾಡಕಚೇರಿ, ಅಲ್ಲಿಂದ ಹಳ್ಳಿ ಅಂತ ಇಳಿಯುತ್ತೆ. ಅರ್ಜಿ ಹಳ್ಳಿಯಿಂದ ಹೊರಟು ಮೇಲಕ್ಕೆ ಹತ್ತುತ್ತೆ."

"2007ಕ್ಕೆ ಮುಂಚೆ ಕೋಲಾರದ ತನಕ ಹತ್ತಬೇಕಿತ್ತು. ನಿನಗೆ ಗೊತ್ತಿರಲಿಕ್ಕಿಲ್ಲ."

ಈ ಜಗಳವನ್ನು ವೆಬ್ಬಿನ ನಿಯಮ ಬರೆಯುವ ಡಬ್ಲ್ಯು3ಸಿ ಸಂಸ್ಥೆ 2000ದ ನವೆಂಬರಿನಲ್ಲಿ ಕೋರ್ಟಿನ ರಾಜಿಯಂತೆ ಮುಗಿಸಿತು. ಇವೆಂಟ್ ಮೊದಲು ಮೇಲಿಂದ ಇಳಿಯಲಿ, ಗುರಿ ಮುಟ್ಟಲಿ, ಮತ್ತೆ ಮೇಲಕ್ಕೆ ಏರಲಿ. ಯಾರು ಯಾವ ಹಂತದಲ್ಲಿ ಕೇಳಬೇಕೋ ಕೇಳಿಕೊಳ್ಳಲಿ. ಅದಕ್ಕೆಂದು ಒಂದೇ ಆಜ್ಞೆ: ಆಡ್‌ಇವೆಂಟ್‌ಲಿಸನರ್. ಇದರಿಂದ ದೊಡ್ಡ ಅನುಕೂಲವೂ ಆಯಿತು. ಲೆಕ್ಕದ ಪುಟದಲ್ಲಿ ಇನ್ನೂರು ಸಾಲುಗಳಿದ್ದರೆ ಇನ್ನೂರು ಕಡೆ ಕಿವಿ ಇಡಬೇಕಿಲ್ಲ. ಇಡೀ ಕೋಷ್ಟಕಕ್ಕೆ ಒಂದು ಕಿವಿ ಇಟ್ಟರೆ ಸಾಕು, ಯಾವ ಸಾಲಿನ ಅರ್ಜಿಯೂ ಹತ್ತಿಕೊಂಡು ಅಲ್ಲಿಗೇ ಬರುತ್ತದೆ. ನಡುವೆ ಯಾರಾದರೂ ತಡೆಯಬೇಕೆಂದರೆ ಸ್ಟಾಪ್‌ಪ್ರೊಪಗೇಶನ್ ಎಂಬ ಆಜ್ಞೆಯಿದೆ. ರೆವಿನ್ಯೂ ಇನ್‌ಸ್ಪೆಕ್ಟರು ಅರ್ಜಿಯನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟುಬಿಟ್ಟಂತೆ.

ರಾಜಿಯೇನೋ ಆಯಿತು. ಆದರೆ ಹತ್ತರಲ್ಲಿ ಒಂಬತ್ತು ಜನ ಬಳಸುತ್ತಿದ್ದ ಬ್ರೌಸರು ಅದಕ್ಕೆ ಸಹಿ ಹಾಕಲಿಲ್ಲ. 2001ರಲ್ಲಿ ಬಂದ ಎಕ್ಸ್‌ಪ್ಲೋರರ್ 6ಕ್ಕೆ ಅಟ್ಯಾಚ್‌ಇವೆಂಟ್ ಎಂಬ ತನ್ನದೇ ಆಜ್ಞೆ. 'ಕ್ಲಿಕ್' ಎಂದರೆ ಅದಕ್ಕೆ ತಿಳಿಯದು, 'ಆನ್‌ಕ್ಲಿಕ್' ಎನ್ನಬೇಕು. ಒತ್ತಿಸಿಕೊಂಡದ್ದು ಯಾವುದು ಎಂದು ಕೇಳಲು ಉಳಿದವರಲ್ಲಿ ಟಾರ್ಗೆಟ್, ಇಲ್ಲಿ ಸೋರ್ಸ್‌ಎಲಿಮೆಂಟ್. ಬ್ರೌಸರು ತಾನಾಗಿ ಮಾಡುವ ಕೆಲಸ ತಡೆಯಲು ಉಳಿದವರಲ್ಲಿ ಪ್ರಿವೆಂಟ್‌ಡಿಫಾಲ್ಟ್, ಇಲ್ಲಿ ರಿಟರ್ನ್‌ವ್ಯಾಲ್ಯೂ ಎಂಬುದನ್ನು ಸುಳ್ಳು ಮಾಡಬೇಕು. ಮೌಸಿನ ಎಡಗುಂಡಿಗೆ ಅಲ್ಲಿ ಸೊನ್ನೆ, ಇಲ್ಲಿ ಒಂದು. ಮಧ್ಯದ ಗುಂಡಿಗೆ ಅಲ್ಲಿ ಒಂದು, ಇಲ್ಲಿ ನಾಲ್ಕು!

"ಎಲ್ಲಕ್ಕಿಂತ ಕಾಡಿದ್ದು 'ದಿಸ್'," ಎಂದರು ಮಾವ. "ಹ್ಯಾಂಡ್ಲರಿನೊಳಗೆ 'ಇದು' ಅಂದರೆ ಒತ್ತಿಸಿಕೊಂಡ ಗುಂಡಿ ಅಂತ ಎಲ್ಲರ ಲೆಕ್ಕ. ಅಟ್ಯಾಚ್‌ಇವೆಂಟಿನಲ್ಲಿ 'ಇದು' ಅಂದರೆ ಇಡೀ ಕಿಟಕಿ. ಮನೆ ತೋರಿಸು ಅಂದರೆ ಊರು ತೋರಿಸಿದ ಹಾಗೆ."

ಇದೊಂದೇ ತೊಡಕಿಗೆ ಒಂದು ಸ್ಪರ್ಧೆಯೇ ನಡೆದಿತ್ತು. ಬ್ರೌಸರುಗಳ ಅಂಕುಡೊಂಕುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ ಪಟ್ಟಿ ಮಾಡುತ್ತಿದ್ದ ಡಚ್ಚರ ಪೀಟರ್ ಪಾಲ್ ಕಾಕ್ 2005ರಲ್ಲಿ ಅದನ್ನು ಏರ್ಪಡಿಸಿದರು. ಎಲ್ಲ ಬ್ರೌಸರುಗಳಲ್ಲೂ 'ಇದು' ಸರಿಯಾಗಿ ನಿಲ್ಲುವಂತೆ ಇವೆಂಟ್ ಅಂಟಿಸುವ ಒಂದು ಪುಟ್ಟ ಫಂಕ್ಷನ್ ಬರೆಯಬೇಕು. ಗೆದ್ದವರು ಜಾನ್ ರೆಸಿಗ್. ಕೆಲವೇ ತಿಂಗಳಲ್ಲಿ, 2006ರ ಜನವರಿಯಲ್ಲಿ, ಬ್ರೌಸರುಗಳ ವ್ಯತ್ಯಾಸವನ್ನು ತಾನೇ ನಿಭಾಯಿಸುವ ಜೆಕ್ವೆರಿ ಎಂಬ ಕೋಡಿನ ಕಟ್ಟನ್ನು ಅವರೇ ಬಿಡುಗಡೆ ಮಾಡಿದರು. ಜಗತ್ತಿನ ಪುಟಗಳೆಲ್ಲ ಅದರ ಮೇಲೆ ಹತ್ತಿ ಕೂತವು.

"ನಾವೂ ಹತ್ತಿದೆವು," ಎಂದರು ಮಾವ. "ನೀನು ಬೆಳಿಗ್ಗೆ ಬಂದ ರೈಲಿನ ಹಳಿ ಇದೆಯಲ್ಲ, 2013ಕ್ಕೆ ಮುಂಚೆ ಚಿಕ್ಕಬಳ್ಳಾಪುರದಿಂದ ಕೋಲಾರದವರೆಗೆ ಅದು ನ್ಯಾರೋ ಗೇಜು, ಎರಡೂವರೆ ಅಡಿ ಅಗಲ. ಬೆಂಗಳೂರು ಕಡೆಯಿಂದ ಬ್ರಾಡ್ ಗೇಜಿನಲ್ಲಿ ಬಂದವನು ಚಿಕ್ಕಬಳ್ಳಾಪುರದಲ್ಲಿ ಗಂಟುಮೂಟೆ ಇಳಿಸಿ ಪುಟ್ಟ ಗಾಡಿಗೆ ಏರಿಸಬೇಕಿತ್ತು. ಜೆಕ್ವೆರಿ ನಮ್ಮ ಪಾಲಿಗೆ ಕೂಲಿಯವನ ಥರ. ಮೂಟೆ ಅವನಿಗೆ ಕೊಟ್ಟುಬಿಡೋದು, ಆ ಕಡೆ ಯಾವ ಗೇಜು ಅಂತ ನೋಡಿಕೊಳ್ಳೋದು ಅವನ ಪಾಡು."

"ಈಗ ಹಳಿ ಒಂದೇ ಆಯಿತು. ಎಕ್ಸ್‌ಪ್ಲೋರರ್ 9 ಬಂದಾಗ, 2011ರಲ್ಲಿ, ಅವರೂ ಆಡ್‌ಇವೆಂಟ್‌ಲಿಸನರ್ ಒಪ್ಪಿಕೊಂಡರು. 2013ರಲ್ಲಿ 11ನೇ ಆವೃತ್ತಿಯಿಂದ ಅಟ್ಯಾಚ್‌ಇವೆಂಟನ್ನೇ ತೆಗೆದುಹಾಕಿದರು. 2022ರ ಜೂನ್ 15ಕ್ಕೆ ಎಕ್ಸ್‌ಪ್ಲೋರರಿಗೇ ತಿಲಾಂಜಲಿ."

ಹೀಗಿದ್ದರೂ ಕೂಲಿಯವನಿಗೆ ಕೆಲಸ ತಪ್ಪಿಲ್ಲ. ಎಷ್ಟೋ ಪುಟಗಳು ಇಂದಿಗೂ ಜೆಕ್ವೆರಿಯನ್ನು ಹೊತ್ತು ತಿರುಗುತ್ತಿವೆ, ಮೂಟೆ ಇಲ್ಲದಿದ್ದರೂ.

ಟೀ ಬಂತು. ಲೋಟ ತೆಗೆದುಕೊಳ್ಳುತ್ತ ಮಾವ ತಮ್ಮ ಹಳೆಯ ತಪ್ಪೊಂದನ್ನು ಹೇಳಿದರು. ಬ್ರೌಸರಿನ ಹೆಸರು ಕೇಳಿ, ಅದರ ಮೇಲೆ ದಾರಿ ಕವಲೊಡೆಸುತ್ತಿದ್ದರಂತೆ. ನೀನು ಎಕ್ಸ್‌ಪ್ಲೋರರಾ? ಹಾಗಾದರೆ ಈ ಕಡೆ ಹೋಗು. ಅಲ್ಲವಾ? ಆ ಕಡೆ ಹೋಗು. ಆರು ತಿಂಗಳಿಗೆ ಇನ್ನೊಂದು ಬ್ರೌಸರು ಬಂದಾಗ ಎರಡು ದಾರಿಯೂ ಮುಚ್ಚಿಹೋದವು.

ಹೆಸರು ಕೇಳುವುದರಲ್ಲಿ ಇನ್ನೊಂದು ಮೋಸವಿದೆ. ಬ್ರೌಸರು ಸುಳ್ಳು ಹೇಳುತ್ತದೆ. ಮೊಜಿಲ್ಲಾ ಎಂಬುದು ನೆಟ್‌ಸ್ಕೇಪಿನ ಒಳಹೆಸರು. ಆ ಹೆಸರು ಹೇಳಿದವರಿಗೆ ಮಾತ್ರ ಒಳ್ಳೆಯ ಪುಟ ಕಳಿಸುವ ಸರ್ವರುಗಳು ಇದ್ದವು. ಅದಕ್ಕೇ ಎಕ್ಸ್‌ಪ್ಲೋರರು ತಾನೂ ಮೊಜಿಲ್ಲಾಕ್ಕೆ ಹೊಂದುತ್ತೇನೆಂದು ಹೇಳಿಕೊಂಡಿತು. ಸಫಾರಿ ಬಂದಾಗ ಅದೂ ಮೊಜಿಲ್ಲಾ ಎಂದಿತು, ಜೊತೆಗೆ ತಾನು ಮೊಜಿಲ್ಲಾದ ಗೆಕ್ಕೋ ಇಂಜಿನ್ ಇದ್ದಂತೆ ಎಂದೂ ಸೇರಿಸಿತು. ಕ್ರೋಮ್ ಅವೆಲ್ಲವನ್ನೂ ಹೇಳಿ ಕೊನೆಗೆ ಸಫಾರಿಯ ಹೆಸರನ್ನೂ ಹೇಳುತ್ತದೆ. ನಮ್ಮ ಐಫೋನಿನಲ್ಲಿ ಕ್ರೋಮ್ ಎಂಬ ಚಿಹ್ನೆ ಒತ್ತಿದರೂ ಒಳಗೆ ಓಡುವುದು ಆಪಲ್ಲಿನ ವೆಬ್‌ಕಿಟ್ ಇಂಜಿನ್ನೇ. ಮುಂದೊಂದು ಬೋರ್ಡು, ಹಿಂದೊಂದು ಬೋರ್ಡು ಹಾಕಿಕೊಂಡ ಖಾಸಗಿ ಬಸ್ಸಿನಂತೆ.

"ಹೆಸರು ಬಿಡು, ಕೆಲಸ ತೋರಿಸು ಅನ್ನಬೇಕು," ಎಂದಳು ಹುಡುಗಿ. "ನಿಮ್ಮ ಚಿಂತಾಮಣಿ ಅಂಗಡಿಯವರು ಏನು ಮಾಡುತ್ತಾರೆ? ಗಿರಾಕಿಯ ಮುಖ ನೋಡಿ ಇವನು ಆಂಧ್ರದ ಕಡೆಯವನು ಅಂತ ತೆಲುಗು ಶುರು ಮಾಡುತ್ತಾರಾ?"

"ಇಲ್ಲ. ಅವನ ಬಾಯಿಂದ ಒಂದು ಮಾತು ಬರೋ ತನಕ ಕಾಯುತ್ತಾರೆ. ತೆಲುಗು ಬಂದರೆ ತೆಲುಗು, ಕನ್ನಡ ಬಂದರೆ ಕನ್ನಡ."

"ಅಷ್ಟೇ. ನಿನ್ನ ಹತ್ತಿರ ಆಡ್‌ಇವೆಂಟ್‌ಲಿಸನರ್ ಇದೆಯಾ ಅಂತ ಕೇಳೋದು. ಇದ್ದರೆ ಅದು. ಇಲ್ಲದಿದ್ದರೆ ಅಟ್ಯಾಚ್‌ಇವೆಂಟ್ ಇದೆಯಾ ಅಂತ ಕೇಳೋದು. ಅದೂ ಇದೇ ಕ್ರಮದಲ್ಲಿ ಕೇಳಬೇಕು. ಹಳೇ ಒಪೆರಾಗೆ ಎರಡೂ ಬರುತ್ತಿತ್ತು. ಮೊದಲು ಅಟ್ಯಾಚ್‌ಇವೆಂಟ್ ಕೇಳಿದರೆ ಅದನ್ನೇ ಹಿಡಿದುಕೊಳ್ಳುತ್ತಿತ್ತು."

ಮಾವನಿಗೆ ಇದು ಗೌರಿಬಿದನೂರಿನ ಪಾಠದಂತೆ ಕೇಳಿಸಿತು. ಆ ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ ಭೌತಶಾಸ್ತ್ರದ ಮೇಷ್ಟ್ರು. ಹೇಳಿಕೊಂಡದ್ದನ್ನು ನಂಬದೆ ಮಾಡಿ ತೋರಿಸು ಎನ್ನುವ ಪೈಕಿ. "ಎಚ್ಚೆನ್ ಜಾವಾಸ್ಕ್ರಿಪ್ಟ್ ಬರೆದಿದ್ದರೆ ನಿನ್ನ ಹಾಗೇ ಬರೆಯುತ್ತಿದ್ದರು," ಎಂದರು.

ಹುಡುಗಿಗೆ ಅದರಿಂದ ಹುರುಪು ಬಂದು ಇನ್ನೊಂದು ಕಥೆ ತೆಗೆದಳು. ಬೆರಳಿನಿಂದ ಪುಟ ಸರಿಸುವಾಗ ಬ್ರೌಸರು ಪ್ರತಿ ಸಲವೂ ಹ್ಯಾಂಡ್ಲರನ್ನು ಕಾಯುತ್ತದೆ, ಅದು ಎಲ್ಲಿ 'ಬೇಡ' ಎಂದು ತಡೆಯುತ್ತದೋ ಎಂದು. ಪುಟ ತಡವರಿಸುವುದು ಇದರಿಂದಲೇ. 2016ರಲ್ಲಿ ಕ್ರೋಮ್ 51 'ಪ್ಯಾಸಿವ್' ಎಂಬ ಸೌಲಭ್ಯ ತಂದಿತು. ನಾನು ತಡೆಯುವುದಿಲ್ಲ, ನೀನು ಸರಿಸುತ್ತಿರು ಎಂದು ಹ್ಯಾಂಡ್ಲರು ಮೊದಲೇ ಮಾತು ಕೊಡುವುದು. ಕೊಡುವ ಜಾಗವೇ ತೊಡಕಿನದು. ಆಡ್‌ಇವೆಂಟ್‌ಲಿಸನರಿನ ಮೂರನೇ ಜಾಗದಲ್ಲಿ ಅಷ್ಟು ದಿನ, ಇಳಿಯುವಾಗಲೇ ಕೇಳಬೇಕೇ ಎಂಬುದಕ್ಕೆ ಹೌದು ಅಥವಾ ಅಲ್ಲ ಎಂದಷ್ಟೇ ಹೇಳುತ್ತಿದ್ದರು. ಈಗ ಅಲ್ಲೊಂದು ಪೆಟ್ಟಿಗೆ ಇಡಬೇಕು. ಹಳೆಯ ಬ್ರೌಸರು ಪೆಟ್ಟಿಗೆ ಕಂಡರೆ ಸುಮ್ಮನೆ 'ಹೌದು' ಎಂದು ತಿಳಿದು, ಇಳಿಯುವ ಹಂತದಲ್ಲೇ ಕಿವಿ ಇಟ್ಟುಬಿಡುತ್ತದೆ. ಹೊಸ ಬ್ರೌಸರೋ ಹಳೆಯದೋ ಎಂದು ತಿಳಿಯುವುದು ಹೇಗೆ? ಪೆಟ್ಟಿಗೆಯೊಳಗೆ 'ಪ್ಯಾಸಿವ್' ಎಂಬ ಹೆಸರಿಗೆ ಒಂದು ಗೆಜ್ಜೆ ಕಟ್ಟಿಡುತ್ತಾರೆ. ಬ್ರೌಸರು ಆ ಹೆಸರನ್ನು ಮುಟ್ಟಿ ನೋಡಿದರೆ ಗೆಜ್ಜೆ ಸದ್ದಾಗುತ್ತದೆ.

"ಬೆಲ್ಲ ಇಟ್ಟು ಇರುವೆ ಬರುತ್ತಾ ನೋಡಿದ ಹಾಗೆ," ಎಂದರು ಮಾವ. "ಎಲ್ಲ ಸರಿ. ನನ್ನ ಕ ಎಲ್ಲಿ?"

ಕ ಕಂಪ್ಯೂಟರಿನಲ್ಲಿ ಹೇಗೆ ಬರುತ್ತಿತ್ತು ಎಂಬುದರಿಂದ ಶುರುಮಾಡಬೇಕಾಯಿತು. ಮಾವನ ಬೆರಳಿಗೆ ಕೂತಿರುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ನುಡಿ ತಂತ್ರಾಂಶದಿಂದ ಮನೆಮಾತಾದ ಕಗಪ. ಅದರಲ್ಲಿ 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಬೇಕು. ಎಫ್ ಒತ್ತಿದರೆ ಹಿಂದಿನ ಅಕ್ಷರ ಅರ್ಧವಾಗಿ ಮುಂದಿನದು ಒತ್ತಾಗುತ್ತದೆ. ಸ್ವರಗಳದು ಇನ್ನೂ ಚೆಂದ. ಖಾಲಿ ಜಾಗದಲ್ಲಿ ಐ ಒತ್ತಿದರೆ ಇ ಬರಬೇಕು, ಕ ಆದ ಮೇಲೆ ಒತ್ತಿದರೆ ಕಿ ಆಗಬೇಕು. ಆದ್ದರಿಂದ ಹ್ಯಾಂಡ್ಲರಿಗೆ ಎರಡು ಸಂಗತಿ ಗೊತ್ತಿರಬೇಕು: ಯಾವ ಕೀಲಿ ಒತ್ತಿದರು, ಕರ್ಸರಿನ ಹಿಂದೆ ಯಾವ ಅಕ್ಷರವಿದೆ. ಕೀಲಿ ಒತ್ತಿದ ಕೂಡಲೇ ಇಂಗ್ಲಿಷ್ ಅಕ್ಷರವನ್ನು ತಡೆದು ಕನ್ನಡದ್ದನ್ನು ತುರುಕಬೇಕು. ವಿಕಿಪೀಡಿಯಾದಲ್ಲಿ ಕನ್ನಡ ಬರೆಯಲು ಮೊದಲು ನಾರಾಯಂ, ಆಮೇಲೆ ಜೆಕ್ವೆರಿ ಡಾಟ್ ಐಎಂಇ ಎಂದು ಬಂದ ಸಾಧನಗಳು ಮಾಡಿದ್ದು ಇದನ್ನೇ. ಕಗಪ, ಇನ್‌ಸ್ಕ್ರಿಪ್ಟ್, ಲಿಪ್ಯಂತರಣ ಮೂರೂ ಅದರಲ್ಲಿವೆ.

"ಕರ್ಸರ್ ಎಲ್ಲಿದೆ ಅಂತ ಕೇಳೋದೂ ನಮ್ಮ ಕಾಲದಲ್ಲಿ ಎರಡು ಭಾಷೆ," ಮಾವ ನಡುವೆ ಬಾಯಿಹಾಕಿದರು. "ಫೈರ್‌ಫಾಕ್ಸಿನಲ್ಲಿ ಸೆಲೆಕ್ಷನ್‌ಸ್ಟಾರ್ಟ್ ಅಂದರೆ ನಂಬರು ಕೊಡುತ್ತಿತ್ತು. ಎಕ್ಸ್‌ಪ್ಲೋರರಿನಲ್ಲಿ ಡಾಕ್ಯುಮೆಂಟಿನ ಹತ್ತಿರ ರೇಂಜ್ ಕೇಳಿ, ಅದನ್ನು ಹಿಂದಕ್ಕೆ ಎಳೆದು, ಅಳೆದು..."

"ಆ ತಾಪತ್ರಯ ಹೋಯಿತು ಮಾವ. ಈಗಿನ ತಾಪತ್ರಯದ ಹೆಸರು 229."

ಫೋನಿನ ಕೀಲಿಮಣೆ ನಿಜವಾದ ಕೀಲಿಮಣೆಯಲ್ಲ, ಅದೊಂದು ಬೇರೆ ಆ್ಯಪ್. ನೀವು ಒತ್ತಿದ ಅಕ್ಷರವನ್ನು ಅದು ಕೂಡಲೇ ಬಿಟ್ಟುಕೊಡುವುದಿಲ್ಲ. ಮುಂದಿನ ಅಕ್ಷರ ಏನಿರಬಹುದು, ಇಡೀ ಪದ ಏನಿರಬಹುದು ಎಂದು ಊಹಿಸುತ್ತ, ಅರ್ಧ ಕಟ್ಟಿದ ಪದವನ್ನು ಕೈಯಲ್ಲಿ ಹಿಡಿದುಕೊಂಡಿರುತ್ತದೆ. ಈ ಹೊತ್ತಿನಲ್ಲಿ ಆಂಡ್ರಾಯ್ಡಿನ ಕ್ರೋಮಿನಲ್ಲಿ ಯಾವ ಕೀಲಿ ಎಂದು ಕೇಳಿದರೆ ಬರುವ ಉತ್ತರ 229. ಕೆ ಒತ್ತಿದರೂ 229, ಎಫ್ ಒತ್ತಿದರೂ 229. ಅಂದರೆ, ಪದ ಇನ್ನೂ ಕಟ್ಟುತ್ತಿದ್ದೇವೆ, ಆಮೇಲೆ ಬಾ. ಜಪಾನಿ, ಚೀನಿ ಬರೆಯುವವರ ಕಂಪ್ಯೂಟರುಗಳಲ್ಲಿ ಈ ಉತ್ತರ ಹಳೆಯದು. ಅಲ್ಲಿ ನಾಲ್ಕಾರು ಕೀಲಿ ಒತ್ತಿ, ಪಟ್ಟಿಯಿಂದ ಆರಿಸಿದ ಮೇಲೆ ಒಂದು ಅಕ್ಷರ. ಫೋನು ಬಂದ ಮೇಲೆ ಇಂಗ್ಲಿಷಿಗೂ ಅದೇ ಗತಿಯಾಯಿತು.

ಆಕೆಯ ಹ್ಯಾಂಡ್ಲರು ಕೆ ಬರುತ್ತದೆಂದು ಕಾದು ಕುಳಿತಿತ್ತು. ಬಂದದ್ದು 229. ಅದು ಯಾರೋ ಅಪರಿಚಿತನೆಂದು ಕದ ಹಾಕಿಕೊಂಡಿತು.

"ತಡೆಯೋಕೆ ಇನ್ನೊಂದು ಬಾಗಿಲು ಇಲ್ಲವಾ?"

"ಇದೆ, ಬಿಫೋರ್‌ಇನ್‌ಪುಟ್ ಅಂತ. ಅಕ್ಷರ ಪುಟಕ್ಕೆ ಬೀಳೋ ಮುಂಚೆ ಹೇಳುತ್ತೆ. ಫೈರ್‌ಫಾಕ್ಸ್‌ಗೆ ಅದು ಬಂದದ್ದು 2021ರಲ್ಲಿ, ತಡವಾಗಿ. ಆದರೆ ಫೋನು ಪದ ಕಟ್ಟುತ್ತಿರುವಾಗ ಅದು ಹೇಳುತ್ತೆ ಅಷ್ಟೇ, ತಡೆದರೆ ಕೇಳಲ್ಲ. ಬಿದ್ದ ಮೇಲೆ ತಿದ್ದೋಣ ಅಂದರೆ, ಕೀಲಿಮಣೆ ಕೈಯಲ್ಲಿ ಹಿಡಿದ ಪದ ಒಂದು, ಪುಟದಲ್ಲಿರೋ ಪದ ಒಂದು. ಅಕ್ಷರ ಎರಡೆರಡು ಸಲ ಬೀಳುತ್ತೆ."

"ಹಾಗಾದರೆ?"

"ಫೋನಿನಲ್ಲಿ ಕಗಪ ತೆಗೆದುಬಿಡುತ್ತೀನಿ."

ಮಾವನ ಲೋಟ ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಕೂತಿತು. ಇಪ್ಪತ್ತು ವರ್ಷದ ಬೆರಳಿನ ಅಭ್ಯಾಸವನ್ನು ಹುಡುಗಿ ಒಂದು ವಾಕ್ಯದಲ್ಲಿ ಅಳಿಸಿಹಾಕಿದ್ದಳು. ಅವಳ ವಾದ ಸರಳ. ಫೋನಿನಲ್ಲಿ ಕನ್ನಡ ಕೀಲಿಮಣೆಗಳು ಬೇಕಾದಷ್ಟಿವೆ, ಕಗಪ ವಿನ್ಯಾಸದ್ದೂ ಸಿಗುತ್ತದೆ. ಅಕ್ಷರ ಕೂಡಿಸುವುದು ಅವುಗಳ ಕೆಲಸ. ಕೂಡಿಸಿದ್ದನ್ನು ಓದಿಕೊಳ್ಳುವುದಷ್ಟೇ ಪುಟದ ಕೆಲಸ. ದೊಡ್ಡ ಕೀಲಿಮಣೆ ಇರುವಲ್ಲಿ ಮಾತ್ರ ಪುಟವೇ ಕಗಪ ನಡೆಸಲಿ, ಅದೂ ಯಾರೂ ಪದ ಕಟ್ಟುತ್ತಿಲ್ಲವೆಂದು ಬ್ರೌಸರು ಹೇಳಿದಾಗ. ಮಾವ ಒಪ್ಪಲಿಲ್ಲ. ಎಲ್ಲರಿಗೂ ಆ್ಯಪ್ ಹಾಕಿಕೊಳ್ಳುವ ವ್ಯವಧಾನವಿಲ್ಲ, ಪುಟದಲ್ಲೇ ಇರಬೇಕು ಎಂದು ಪಟ್ಟುಹಿಡಿದರು. ಬರೆಯುವವನ ಕಡೆಯಿಂದ ನೋಡಿದರೆ ಮಾವನದೇ ಸರಿ, ಪುಟ ಕಟ್ಟುವವರ ಕಡೆಯಿಂದ ಹುಡುಗಿಯದು. ಸದ್ಯಕ್ಕೆ ಕಟ್ಟುವವಳ ಕೈಯಲ್ಲಿ ಲ್ಯಾಪ್‌ಟಾಪ್ ಇತ್ತು.

ತಿದ್ದುವಾಗ ಇನ್ನೂ ಎರಡು ತಪ್ಪು ಸಿಕ್ಕವು. ಒಂದು, 'ಸೇರಿಸು' ಗುಂಡಿಯನ್ನು ಫೋನಿನಲ್ಲಿ ಒಮ್ಮೆ ಮುಟ್ಟಿದರೆ ಒಂದೇ ಲಾಟು ಎರಡು ಸಲ ಸೇರುತ್ತಿತ್ತು. ಮುಟ್ಟಿದ್ದಕ್ಕೆ ಒಂದು ಹ್ಯಾಂಡ್ಲರು, ಕ್ಲಿಕ್ಕಿಗೆ ಒಂದು ಹ್ಯಾಂಡ್ಲರು ಇಟ್ಟಿದ್ದಳು. ಬೆರಳು ಎತ್ತಿದ ಮೇಲೆ ಫೋನು ತಾನಾಗಿಯೇ ಕ್ಲಿಕ್ಕನ್ನೂ ಕಳಿಸುತ್ತದೆ. ಹಿಂದೆ ಅದು ಸುಮಾರು 300 ಮಿಲಿಸೆಕೆಂಡ್ ತಡೆದು ಕಳಿಸುತ್ತಿತ್ತು, ಹಿಗ್ಗಿಸಿ ನೋಡಲು ಎರಡನೇ ಸಲ ಮುಟ್ಟುತ್ತಾರೇನೋ ಎಂದು ಕಾದು. ಆ ತಡವನ್ನು ತಪ್ಪಿಸಲು ಎರಡು ಹ್ಯಾಂಡ್ಲರು ಇಡುತ್ತಿದ್ದ ಕಾಲದ ಪಾಠ ಅವಳ ಕೋಡಿನಲ್ಲಿ ಉಳಿದುಬಿಟ್ಟಿತ್ತು. ಪುಟದ ಅಗಲ ಫೋನಿನಷ್ಟೇ ಎಂದು ಹೇಳಿದ್ದರೆ 2014ರಿಂದ ಕ್ರೋಮ್ ಕಾಯುವುದಿಲ್ಲ. ಒಂದನ್ನು ತೆಗೆದಳು.

ಎರಡನೆಯದು ಮೊತ್ತ. ತೂಕಕ್ಕೂ ದರಕ್ಕೂ ಗುಣಾಕಾರ ಮಾಡುವ ಸಾಲು 'ಕೀ ಮೇಲೆದ್ದಾಗ' ನಡೆಯುತ್ತಿತ್ತು. ಅದನ್ನು ಅವಳು 'ಇನ್‌ಪುಟ್' ಎಂಬ ಇವೆಂಟಿಗೆ ಕಟ್ಟಿದಳು. ಬೆರಳು ಏನು ಮಾಡಿತು ಎಂದು ಅದು ಕೇಳುವುದಿಲ್ಲ, ಪೆಟ್ಟಿಗೆಯಲ್ಲಿರುವುದು ಬದಲಾಯಿತು ಎಂದಷ್ಟೇ ಹೇಳುತ್ತದೆ.

"ಇದೇನು ದೊಡ್ಡ ಬದಲಾವಣೆ?" ಎಂದರು ಮಾವ, ಇನ್ನೂ ಕಗಪದ ಮುನಿಸಿನಲ್ಲಿ.

ಅಷ್ಟರಲ್ಲಿ ರೀಲರ್ ಒಬ್ಬರು ಬೈಕ್ ನಿಲ್ಲಿಸಿ ಒಳಬಂದರು. ಇಬ್ಬರಿಗೂ ನಮಸ್ಕಾರ ಹೇಳಿ, ಪುಟ ಈಗಲಾದರೂ ಸರಿಯಾಯಿತೇ ಎಂದು ಕೇಳಿದರು. ನೋಡಿ ಎಂದಳು ಹುಡುಗಿ. ಬಿಸಿನೀರಿನ ಬಾಣಲೆಯ ಮುಂದೆ ದಿನವಿಡೀ ಕೆಲಸ ಮಾಡಿ ಸುಕ್ಕುಗಟ್ಟಿದ ಬೆರಳುಗಳು, ಗಾಜು ಅವನ್ನು ಬೆರಳೆಂದು ಗುರುತಿಸುವುದೇ ಕಷ್ಟ. ಅವರು ಕೀಲಿಮಣೆಯ ಗೊಡವೆಗೇ ಹೋಗಲಿಲ್ಲ. ಊರಿನ ಪೆಟ್ಟಿಗೆ ಮುಟ್ಟಿ, ಮೈಕಿನ ಗುರುತು ಒತ್ತಿ, ಫೋನನ್ನು ಬಾಯಿ ಹತ್ತಿರ ಹಿಡಿದು "ಜಂಗಮಕೋಟೆ" ಎಂದರು. ಅಕ್ಷರ ಮೂಡಿತು. ತೂಕಕ್ಕೆ "ನಲವತ್ತೆಂಟು" ಎಂದರು, 48 ಬಂತು. ದರಕ್ಕೆ "ಐನೂರು".

ಒಂದು ಕೀಲಿಯೂ ಕೆಳಗಿಳಿಯಲಿಲ್ಲ, ಒಂದೂ ಮೇಲೇಳಲಿಲ್ಲ. ಮೊತ್ತದ ಜಾಗದಲ್ಲಿ 24,000 ಕಾಣಿಸಿತು.

ಹುಡುಗಿ ಮಾವನ ಮುಖ ನೋಡಿದಳು. ಮಾವ ರೀಲರ್ ಕಡೆ ತಿರುಗಿ, "ಟೀ ಹೇಳಲಾ?" ಎಂದರು.